ಸೋತದ್ದು ಮೇಣ

ಆಲ್ಪ್ಸ್ ಬೆಟ್ಟದ ಹಿಂಟರ್‌ಗ್ರೀಸ್ ಊರಿಗೆ ಬಂದ ಹೊಸತರಲ್ಲಿ ಈ ಬರಹಗಾರ ಕ್ವಿರಿನ್ ಪ್ಲಾಟ್ನರನನ್ನು ಇಸ್ತ್ರಿ ಅಂಗಡಿಯವನೆಂದು ತಿಳಿದಿದ್ದ. ತಪ್ಪು ಪೂರ್ತಿ ಬರಹಗಾರನದಲ್ಲ. ಇಗರ್ಜಿಯ ಹಿಂದಿನ ಓಣಿಯಲ್ಲಿ ನೆಲಮಟ್ಟಕ್ಕೊಂದು ಕಿಟಕಿಯಿದೆ. ಬಗ್ಗಿ ನೋಡಿದರೆ ನೆಲಮಾಳಿಗೆ, ಅದರಲ್ಲೊಂದು ಉದ್ದನೆಯ ಮೇಜು, ಮೇಜಿನ ಮುಂದೆ ಏಪ್ರನ್ ಕಟ್ಟಿದ ಒಬ್ಬ ಮನುಷ್ಯ, ಅವನ ಕೈಯಲ್ಲಿ ಹೊಗೆಯಾಡುವ ಇಸ್ತ್ರಿಪೆಟ್ಟಿಗೆ. ಬೆಳಿಗ್ಗೆ ನೋಡಿದರೂ ಅದೇ, ಸಂಜೆ ನೋಡಿದರೂ ಅದೇ. ಮೂರನೇ ವಾರ ಒಂದು ಪ್ಯಾಂಟು ಒಯ್ದು ಆ ಮೇಜಿನ ಮೇಲಿಟ್ಟದ್ದಾಯಿತು. ಕ್ವಿರಿನ್ ಪ್ಯಾಂಟನ್ನು ನೋಡಿದ, ಪ್ಯಾಂಟು ತಂದವನನ್ನು ನೋಡಿದ.

"ಇದಕ್ಕೆ ಯಾವ ಮೇಣ ಹಾಕ್ಲಿ? ಒಣ ಹಿಮದ್ದಾ, ಒದ್ದೆ ಹಿಮದ್ದಾ?" ಎಂದು ಕೇಳಿದ. ಮುಖದಲ್ಲಿ ನಗುವಿನ ಗೆರೆ ಕೂಡ ಇರಲಿಲ್ಲ.

ಮೇಜಿನ ಮೇಲೆ ಅಂಗಾತ ಮಲಗಿದ್ದ, ಹಿಮದ ಮೇಲೆ ಜಾರುವ ಜೋಡಿ ಸ್ಕೀ ಹಲಗೆ ಕಣ್ಣಿಗೆ ಬಿದ್ದದ್ದು ಆಮೇಲೆ. ಇಸ್ತ್ರಿಪೆಟ್ಟಿಗೆ ಇದ್ದದ್ದು ಅದರ ತಳಕ್ಕೆ ಮೇಣ ಕರಗಿಸಿ ಹಚ್ಚುವುದಕ್ಕೆ.

ಪ್ಯಾಂಟಿನ ಸುದ್ದಿ ಸಂಜೆಯೊಳಗೆ ಊರು ಸುತ್ತಿತು. ಮರುದಿನ ಬ್ರೆಡ್ ಅಂಗಡಿಯ ಸರದಿಯಲ್ಲಿ ಹಿಂದಿನಿಂದ ಯಾರೋ, "ಅವನ ಕೈಗೆ ಪ್ಯಾಂಟು ಕೊಡ್ಬೇಡಿ ಸ್ವಾಮಿ. ಚಿನ್ನಾನೇ ಉಳಿಸ್ಲಿಲ್ಲ, ಪ್ಯಾಂಟು ಉಳಿಸ್ತಾನಾ?" ಎಂದರು. ಅಂಗಡಿಯವಳು ನಕ್ಕಳು, ಸರದಿಯಲ್ಲಿದ್ದವರೆಲ್ಲ ನಕ್ಕರು. ಕೊನೆಯಲ್ಲಿ ನಿಂತಿದ್ದ ಒಬ್ಬ ಹೆಂಗಸು ಮಾತ್ರ ನಗದೆ, ಬ್ರೆಡ್ಡೂ ಕೊಳ್ಳದೆ ಬಾಗಿಲು ತೆರೆದು ಹೊರಟುಹೋದಳು. ಅವಳು ಕ್ವಿರಿನ್‌ನ ಹೆಂಡತಿ ಟ್ರೌಡಿ.

ಈ ಕಣಿವೆಯಲ್ಲಿ ಒಂದು ಪದ್ಧತಿಯಿದೆ. ಇಲ್ಲಿಯ ಹುಡುಗ ಹುಡುಗಿಯರು ಸ್ಕೀ ಪಂದ್ಯದಲ್ಲಿ ಗೆದ್ದರೆ ಗೆದ್ದವರು ಅವರು, ಅವರ ಜೊತೆಗೆ ಅಪ್ಪ, ಅಮ್ಮ, ಊರು, ಊರಿನ ಪಾದ್ರಿ, ಊರಿನ ಹಾಲು. ಸೋತರೆ ಸೋತದ್ದು ಮೇಣ. ಇಲ್ಲಿ ಹುಟ್ಟಿದವರು ಸೋಲುವುದಿಲ್ಲ, ಅವರ ಸ್ಕೀ ತಳಕ್ಕೆ ಯಾರೋ ತಪ್ಪು ಮೇಣ ಹಚ್ಚಿರುತ್ತಾರೆ. ಮೀಸೆಗೆ ಬಿಟ್ಟು ಬೇರೆ ಯಾವುದಕ್ಕೂ ಮೇಣ ಹಚ್ಚಿ ಗೊತ್ತಿಲ್ಲದ ಗಂಡಸರು ಬಿಯರ್ ಮೇಜಿನ ಸುತ್ತ ಕೂತು ಗಂಟೆಗಟ್ಟಲೆ ಇದನ್ನು ಚರ್ಚಿಸುತ್ತಾರೆ. ಹಾಗಾಗಿ ಮೇಣ ಹಚ್ಚುವವನೊಬ್ಬ ಪ್ರತಿ ಚಾಂಪಿಯನ್ನಿಗೂ ಬೇಕು. ಸ್ಕೀ ಓಡುವುದಕ್ಕೆ ಎಷ್ಟು ಬೇಕೋ, ಗೂಬೆ ಕೂರಿಸುವುದಕ್ಕೂ ಅಷ್ಟೇ ಬೇಕು.

ಕ್ವಿರಿನ್‌ನ ತಲೆಯ ಮೇಲೆ ಆ ಗೂಬೆ ಇಪ್ಪತ್ತೈದು ವರ್ಷ ಕೂತಿತ್ತು. ಅದನ್ನು ಎಬ್ಬಿಸಲು ಒಂದೇ ಒಂದು ವಾಕ್ಯ ಸಾಕಿತ್ತು: "ಆ ಜೋಡಿ ಬೇಡ ಅಂತ ಕ್ವಿರಿನ್ ಹೇಳಿದ್ದ, ಹಟ ಮಾಡಿ ಹಾಕಿಕೊಂಡವಳು ನಾನು." ಅದನ್ನು ಹೇಳಬೇಕಾದವಳು ಬುರ್ಗಿ ಟಾಕ್ಸರ್.

ಬುರ್ಗಿಯದು ಊರಿನ ಮೇಲ್ಗಡೆಯ ಕಡಿದಾದ ಹುಲ್ಲುಗಾವಲಿನ ಮನೆ. ಅಲ್ಲಿ ಹಸುಗಳಿಗೂ ಒಂದು ಕಡೆಯ ಕಾಲು ಗಿಡ್ಡ ಎಂದು ಕೆಳಗಿನವರು ಹಾಸ್ಯ ಮಾಡುತ್ತಾರೆ. ಹನ್ನೆರಡು ವರ್ಷದ ಹುಡುಗಿ ಶಾಲೆಗೆ ಸ್ಕೀ ಮೇಲೆ ಇಳಿದು ಬರುತ್ತಿದ್ದಳು. ಅವಳು ಬರುವುದನ್ನು ನೋಡಿ ಪಾದ್ರಿ ಗಡಿಯಾರ ತಿದ್ದಿಕೊಳ್ಳುತ್ತಿದ್ದರು. ಹದಿನಾರು ತುಂಬಿದ ವರ್ಷ ಅವಳಪ್ಪ ಅವಳ ಸ್ಕೀ ಜೋಡಿಯನ್ನು ಹೆಗಲ ಮೇಲಿಟ್ಟುಕೊಂಡು ಕ್ವಿರಿನ್‌ನ ಬಳಿ ಬಂದ. ಕ್ವಿರಿನ್‌ಗೆ ಆಗ ಇಪ್ಪತ್ತನಾಲ್ಕು, ಸ್ಕೀ ಕಂಪನಿಯಲ್ಲಿ ಅಂಚು ಮಸೆಯುವ ಕೆಲಸ.

"ಈ ಹುಡುಗಿ ಬೀಳಲ್ಲ. ಬಿದ್ರೆ ನಿನ್ನ ಕೇಳ್ತೀನಿ," ಎಂದ ಅಪ್ಪ.

ಮಾತುಕತೆ ಅಷ್ಟೇ. ಆವತ್ತಿನಿಂದ ಹದಿಮೂರು ಚಳಿಗಾಲ ಕ್ವಿರಿನ್ ಬೇರೆ ಯಾರ ಸ್ಕೀಯನ್ನೂ ಮುಟ್ಟಲಿಲ್ಲ. ಸ್ವಲ್ಪ ದಿನಕ್ಕೇ ಕಂಪನಿಯೂ ಅವನನ್ನು ಅವಳಿಗೆ ಬಿಟ್ಟುಕೊಟ್ಟಿತು. ಚಳಿಗಾಲವೆಂದರೆ ಅವನಿಗೆ ಹೋಟೆಲುಗಳ ನೆಲಮಾಳಿಗೆ. ಬುರ್ಗಿ ಮೂರನೇ ಮಹಡಿಯಲ್ಲಿ ಮಲಗುವಳು, ಅವಳ ಮೂವತ್ತು ಜೋಡಿ ಸ್ಕೀ ಕೆಳಗೆ, ಸ್ಕೀಗಳ ಜೊತೆ ಕ್ವಿರಿನ್. ಪ್ರತಿ ಜೋಡಿಯ ಬಾಲಕ್ಕೂ ನಂಬರಿನ ಚೀಟಿ. ಮೇಣ ಕರಗಿಸಿ ಹಚ್ಚು, ಆರಲು ಬಿಡು, ಕೆರೆ, ಬ್ರಶ್ಶಿನಿಂದ ಉಜ್ಜು, ಮತ್ತೆ ಹಚ್ಚು. ಅಂಚನ್ನು ಉಗುರಿನ ಮೇಲೆ ಎಳೆದು ನೋಡು; ಉಗುರಿನ ಸಿಪ್ಪೆ ಎದ್ದರೆ ಸರಿ. ಅವನ ಬೆರಳ ತುದಿಗಳು ಎಷ್ಟು ಸವೆದಿದ್ದವೆಂದರೆ, ಪಾಸ್‌ಪೋರ್ಟ್ ಕಚೇರಿಯವರು ಹೆಬ್ಬೆಟ್ಟು ಒತ್ತಿಸಿಕೊಂಡು ನೋಡಿ, "ಏನ್ರೀ, ಇಲ್ಲಿ ಯಾರೂ ಇಲ್ವಲ್ಲ," ಎಂದರಂತೆ.

ಹತ್ತೊಂಬತ್ತಕ್ಕೆ ಬುರ್ಗಿ ಮೊದಲ ದೊಡ್ಡ ಪಂದ್ಯ ಗೆದ್ದಳು. ಗೆರೆ ದಾಟಿದೊಡನೆ ಸ್ಕೀ ಕಳಚಿ, ಕಂಪನಿಯ ಹೆಸರು ಕ್ಯಾಮೆರಾಕ್ಕೆ ಕಾಣುವಂತೆ ಮುಖದ ಪಕ್ಕಕ್ಕೆ ಹಿಡಿದು, ಅದಕ್ಕೊಂದು ಮುತ್ತಿಟ್ಟಳು. ಅದು ಎಲ್ಲ ಓಟಗಾರ್ತಿಯರೂ ಮಾಡಬೇಕಾದ ಕೆಲಸ, ಸಂಬಳದ ಭಾಗ. ಮನೆಯಲ್ಲಿ ಟೀವಿ ಮುಂದಿದ್ದ ಟ್ರೌಡಿ ಆ ರಾತ್ರಿ ಗಂಡನಿಗೆ ಫೋನ್ ಮಾಡಿ, "ನೀನು ಹಚ್ಚಿದ ಮೇಣಕ್ಕೆ ಮುತ್ತು ಬಿತ್ತು. ನಂಗೆ ಹೊಟ್ಟೆ ಉರೀಬೇಕಾ, ಬೇಡ್ವಾ?" ಎಂದು ಕೇಳಿದಳು.

"ಅವಳ ಬಾಯಿ ಕೆಟ್ಟಿರುತ್ತೆ, ಅಷ್ಟೆ. ಅದ್ರಲ್ಲಿ ಗಂಧಕ ಇದೆ," ಎಂದ ಕ್ವಿರಿನ್.

ಆದರೆ ಆ ಮುತ್ತನ್ನು ಅವನು ನೋಡಿರಲಿಲ್ಲ. ಮೇಣದವನ ಜಾಗ ಬೆಟ್ಟದ ತುದಿ. ಓಟಗಾರ್ತಿಯ ಬೂಟಿನಡಿಯ ಹಿಮ ಕೆರೆದು, ಮಂಡಿಯೂರಿ ಸ್ಕೀ ತೊಡಿಸಿ, ಅವಳು ಬಿಚ್ಚಿ ಎಸೆದ ಕೋಟನ್ನು ಹಿಡಿದುಕೊಂಡು ಅವನು ಹಿಂದೆ ಸರಿಯುತ್ತಾನೆ. ಓಟ ಶುರುವಾಗುವ ಬಾಗಿಲಿನ ಅಡ್ಡಕಡ್ಡಿ ತಳ್ಳಿಕೊಂಡು ಅವಳು ಹಾರುತ್ತಾಳೆ. ಮೊದಲ ತಿರುವಿನವರೆಗೆ ಬೆನ್ನು ಕಾಣುತ್ತದೆ, ಆಮೇಲೆ ಬರೀ ಬೆಟ್ಟ. ಉಳಿದದ್ದೆಲ್ಲ ಧ್ವನಿವರ್ಧಕದಲ್ಲಿ. ಬುರ್ಗಿ ತನ್ನ ಜೀವಮಾನದಲ್ಲಿ ಇಪ್ಪತ್ತಾರು ಪಂದ್ಯ ಗೆದ್ದಳು. ಅದರಲ್ಲಿ ಒಂದನ್ನೂ ಕ್ವಿರಿನ್ ಕಣ್ಣಾರೆ ಕಂಡಿಲ್ಲ. ಅವಳ ಬೆನ್ನನ್ನು ಮಾತ್ರ ಜಗತ್ತಿನಲ್ಲಿ ಅವನಷ್ಟು ಚೆನ್ನಾಗಿ ಬಲ್ಲವರಿಲ್ಲ.

ಇಪ್ಪತ್ತಮೂರಕ್ಕೆ ಮಂಡಿ ಮುರಿಯಿತು. ದಾರಿಯಂಚಿನ ತಡೆಬಲೆಯಲ್ಲಿ ಸಿಕ್ಕಿಕೊಂಡು ಬಿದ್ದವಳು, ಸ್ಟ್ರೆಚರ್ ಬರುವ ಮುಂಚೆ ಒಂದು ಸ್ಕೀ ಕಳಚಿ ಹೆಸರು ಕಾಣುವಂತೆ ಕ್ಯಾಮೆರಾ ಕಡೆ ಹಿಡಿದಿದ್ದಳು. ಕೇಳಿದರೆ, "ಕೈ ತಾನಾಗೇ ಹೋಯ್ತು," ಎಂದಳು. ಕಂಪನಿಯವರು ಆ ಫೋಟೋವನ್ನು ಕ್ಯಾಲೆಂಡರಿಗೆ ಹಾಕಿಸಿದರು. ಒಂದೂವರೆ ವರ್ಷ ಅವಳು ಓಡಲಿಲ್ಲ. ಆ ಒಂದೂವರೆ ವರ್ಷ ಕ್ವಿರಿನ್ ಒಂದೇ ಜೋಡಿಯನ್ನು ಹಿಡಿದು ಕೂತಿದ್ದ, ನಂಬರ್ ಏಳು. ತಳವನ್ನು ಕನ್ನಡಿಯಂತೆ ನುಣುಪು ಮಾಡಿ, ಪದರದ ಮೇಲೆ ಪದರ ಮೇಣ ಕುಡಿಸಿ, ಕೊರೆಯುವ ಚಳಿಯ ಒಣ ಹಿಮಕ್ಕೆಂದೇ ಅದನ್ನು ಸಾಕಿದ. ಅವಳು ವಾಪಸು ಬಂದ ಮೊದಲ ದಿನವೇ ಏಳರ ಮೇಲೆ ಗೆದ್ದಳು. ಅಲ್ಲಿಂದ ಐದು ವರ್ಷದಲ್ಲಿ ಏಳರ ಮೇಲೆ ಹನ್ನೊಂದು ಗೆಲುವು. ಪತ್ರಿಕೆಗಳು ಅವಳ ಮದುವೆಯ ಬಗ್ಗೆ ಬರೆಯುವುದು ಬಿಟ್ಟು ಏಳರ ಬಗ್ಗೆ ಬರೆಯತೊಡಗಿದವು. ಪಂದ್ಯಕ್ಕೆ ಮುಂಚೆ ಅವಳು ನೆಲಮಾಳಿಗೆಗೆ ಇಳಿದು ಬಂದು ಅದರ ಮೂತಿ ಸವರಿ, "ಹೆಂಗಿದ್ದೀಯೋ ಮುದುಕ?" ಎನ್ನುವಳು.

"ಚೆನ್ನಾಗಿದೀನಿ," ಎನ್ನುವನು ಕ್ವಿರಿನ್.

"ನಿನ್ನಲ್ಲ ಕೇಳಿದ್ದು."

ಹೀಗೆ ನಡೆದು ಬಂದವಳ ಮುಂದೆ, ಇಪ್ಪತ್ತೊಂಬತ್ತನೇ ವರ್ಷಕ್ಕೆ, ವಿಶ್ವ ಚಾಂಪಿಯನ್‌ಶಿಪ್ಪೇ ಎದ್ದು ಅವಳ ಊರಿಗೆ ಬಂತು. ಉಳಿದೆಲ್ಲ ಬಹುಮಾನಗಳೂ ಇದ್ದವು, ಅದೊಂದು ಚಿನ್ನ ಇರಲಿಲ್ಲ. ಓಟದ ದಾರಿ ಅವಳ ಮನೆಯ ಹುಲ್ಲುಗಾವಲನ್ನು ಬಳಸಿಕೊಂಡು ಇಳಿಯುತ್ತಿತ್ತು.

ಪಂದ್ಯವನ್ನು ಊರಿಗೆ ತಂದವರು ಕಾಸ್ಪರ್ ಎಡನ್‌ಹೌಸರ್. ಕಾಡುಮೇಕೆ ಹೋಟೆಲಿನ ಯಜಮಾನರು, ಸ್ಕೀ ಸಂಘದ ಅಧ್ಯಕ್ಷರು, ಮೇಲಾಗಿ ಸರ್ಕಾರದಿಂದ ವಾಣಿಜ್ಯ ಸಲಹೆಗಾರ ಎಂಬ ಬಿರುದು ಪಡೆದವರು. ಸರ್ಕಾರ ಅವರಿಂದ ಯಾವತ್ತೂ ಯಾವ ಸಲಹೆಯನ್ನೂ ಕೇಳಿಲ್ಲ. ಆದ್ದರಿಂದ ಅವರಲ್ಲಿ ಸಲಹೆಯ ದಾಸ್ತಾನು ಬಹಳವಿತ್ತು. ಹೆಂಡತಿ ಕೂಡ ಊಟಕ್ಕೆ, "ಸಲಹೆಗಾರರೇ, ಸೂಪು ಆರ್ತಿದೆ," ಎಂದು ಕರೆಯುತ್ತಿದ್ದಳು ಎಂಬುದು ಊರಿನ ಕುಹಕ. ಊರು ಪೂರ್ತಿ ಸುಳ್ಳು ಹೇಳುವುದಿಲ್ಲ. ಸಲಹೆಗಾರರು ಪಂದ್ಯಕ್ಕೆ ಒಂದು ತಿಂಗಳ ಮುಂಚೆಯೇ ಹೋಟೆಲಿನ ಹಜಾರದಲ್ಲಿ ಎರಡೂವರೆ ಮೀಟರ್ ಎತ್ತರದ ಗಾಜಿನ ಬೀರು ಮಾಡಿಸಿ ನಿಲ್ಲಿಸಿದ್ದರು. ಒಳಗೆ ಮಖಮಲ್ಲು, ದೀಪ, ಕೆಳಗೆ ಹಿತ್ತಾಳೆಯ ಫಲಕ: "ಚಿನ್ನ ಗೆದ್ದ ಏಳು". ಗೆಲ್ಲುವುದೊಂದು ಬಾಕಿಯಿತ್ತು.

ಪಂದ್ಯದ ಹಿಂದಿನ ದಿನದ ಅಭ್ಯಾಸದಲ್ಲಿ ಬುರ್ಗಿಯೇ ಎಲ್ಲರಿಗಿಂತ ಮುಂದು, ಏಳರ ಮೇಲೆ. ಕೊರೆಯುವ ಚಳಿ, ಹಿಮ ಹಿಟ್ಟಿನಂತೆ. ಮರುದಿನ ಬೆಳಗಿನ ಜಾವ ಕ್ವಿರಿನ್‌ಗೆ ಎಚ್ಚರವಾದದ್ದು ಸೂರಿನಿಂದ ತೊಟ್ಟಿಕ್ಕುವ ಸದ್ದಿಗೆ. ಬೆಚ್ಚನೆಯ ತೆಂಕಣ ಗಾಳಿ ಬೀಸಿ ಹಿಮ ಮೆತ್ತಗಾಗಿತ್ತು. ಎದ್ದವನೇ ನಂಬರ್ ಏಳು ಮತ್ತು ನಂಬರ್ ಹತ್ತೊಂಬತ್ತು, ಎರಡು ಜೋಡಿ ಹೊತ್ತು ಬೆಟ್ಟ ಹತ್ತಿದ. ಹತ್ತೊಂಬತ್ತನೆಯದು ಹೊಸ ಜೋಡಿ. ಅದರ ತಳದಲ್ಲಿ ನೀರು ಹರಿದುಹೋಗಲು ಅವನೇ ಸಣ್ಣ ಗೀರುಗಳನ್ನು ಕೊರೆದಿದ್ದ. ಏಳರ ನುಣುಪು ತಳಕ್ಕೆ ಒದ್ದೆ ಹಿಮ ಸಿಕ್ಕರೆ, ಎರಡು ಒದ್ದೆ ಗಾಜು ಒಂದರ ಮೇಲೊಂದು ಇಟ್ಟಂತೆ ಕಚ್ಚಿಕೊಳ್ಳುತ್ತದೆ. ತಾನೇ ಒಂದೊಂದು ಜೋಡಿಯನ್ನು ಮೂರು ಮೂರು ಸಲ ಓಡಿಸಿ ನೋಡಿದ. ಇಪ್ಪತ್ತು ಸೆಕೆಂಡಿನ ದಾರಿಯಲ್ಲಿ ನಂಬರ್ ಏಳರ ಜೋಡಿ ಒಂದು ಸೆಕೆಂಡಿನ ಮೂರನೇ ಒಂದು ಭಾಗದಷ್ಟು ಹಿಂದೆ ಬಿತ್ತು. ಆ ಆಟದಲ್ಲಿ ಅದು ಒಂದು ಯುಗ.

ಬೆಟ್ಟದ ತುದಿಯಲ್ಲಿದ್ದ ಮರದ ಗುಡಿಸಲಿನಲ್ಲಿ ಬುರ್ಗಿ ಕಾಲು ಚಾಚಿ ಕೂತು ಚಹಾ ಕುಡಿಯುತ್ತಿದ್ದಳು. ಪಕ್ಕದಲ್ಲಿ, ಯಾರೂ ಕರೆಯದಿದ್ದರೂ, ತುಪ್ಪಳದ ಟೋಪಿ ಹಾಕಿಕೊಂಡ ಸಲಹೆಗಾರರು.

"ಏಳು ಬೇಡ," ಎಂದ ಕ್ವಿರಿನ್. "ಹತ್ತೊಂಬತ್ತು ಹಾಕ್ಕೋ."

ಬುರ್ಗಿ ಲೋಟ ಕೆಳಗಿಟ್ಟಳು. "ಇಲ್ಲಿ ಮೇಲೆ ಗಟ್ಟಿ ಇದೆಯಲ್ಲ."

"ಇಲ್ಲಿ ಇದೆ. ಕಾಡು ದಾಟಿದ ಮೇಲೆ ಗಂಜಿ."

"ನಾನು ಓಡೋ ಹೊತ್ತಿಗೆ ನೆರಳು ಬರುತ್ತೆ."

"ನೆರಳು ಬಂದ್ರೂ ಗಂಜಿ ಗಂಜೀನೇ. ಮೂರು ಸಲ ನೋಡಿದೀನಿ ಕಣೇ."

"ನೀನು ನೋಡಿದ್ದು ನಿನ್ನ ಕಾಲಲ್ಲಿ." ಅವಳು ತನ್ನ ಮಂಡಿ ತಟ್ಟಿದಳು. "ಈ ಮಂಡಿ ಏಳನ್ನ ಬಿಟ್ರೆ ಯಾವುದನ್ನೂ ನಂಬಲ್ಲ. ಆ ಹೊಸದು ನಂಗೆ ಹಲೋ ಕೂಡ ಅಂದಿಲ್ಲ."

ಸಲಹೆಗಾರರು ಕೆಮ್ಮಿದರು. "ಪ್ಲಾಟ್ನರ್, ನೋಡಪ್ಪ, ನಾನು ಮೇಣದ ಪಂಡಿತ ಅಲ್ಲ. ಆದ್ರೆ ಹಿತ್ತಾಳೇಲಿ ಏಳು ಅಂತ ಕೆತ್ತಿಸಾಗಿದೆ. ಕೆಳಗಡೆ ನಾಲ್ಕು ದೇಶದ ಪತ್ರಕರ್ತರಿದಾರೆ. ಈಗ ಹೋಗಿ ಹತ್ತೊಂಬತ್ತು ಅಂದ್ರೆ ಹೇಗೆ?"

"ಹಿತ್ತಾಳೆ ಇಳಿಯಲ್ಲ ಸಲಹೆಗಾರರೇ. ಇವಳು ಇಳೀಬೇಕು."

"ಅದನ್ನೇ ನಾನೂ ಹೇಳ್ತಿರೋದು. ಇಳಿಯೋಳು ಅವಳು. ಅವಳ ಇಷ್ಟ."

ತರಬೇತುದಾರನನ್ನು ವಾಕಿಟಾಕಿಯಲ್ಲಿ ಕೇಳಿದರೆ, "ನೀವಿಬ್ರೂ ಯಾವತ್ತಾದ್ರೂ ನನ್ನ ಮಾತು ಕೇಳಿದ್ದೀರಾ? ನೀವೇ ನೋಡ್ಕೊಳಿ," ಎಂದು ಕೈ ತೊಳೆದುಕೊಂಡ. ಬುರ್ಗಿ ಎದ್ದು ನಿಂತು ಮೂಗುಜ್ಜಿಕೊಂಡಳು. "ನೀನು ಮೇಣ ನೋಡ್ಕೋ ಕ್ವಿರಿನ್. ಓಡೋದು ನಂಗೆ ಬಿಡು. ಏಳು ತಾ."

ಎರಡು ಜೋಡಿಗಳೂ ಗುಡಿಸಲ ಹಿಂದೆ ಹಿಮದಲ್ಲಿ ನಾಟಿ ನಿಂತಿದ್ದವು. ಎರಡೂ ಕೆಂಪು, ಒಂದೇ ಉದ್ದ, ಒಂದೇ ಹೆಸರು. ಬೇರೆ ಮಾಡುವುದು ಬಾಲದ ಮೇಲಿನ ಹೆಬ್ಬೆರಳಗಲದ ಚೀಟಿ ಮಾತ್ರ. ಚೀಟಿ ಬದಲಾಯಿಸಲು ಅರ್ಧ ನಿಮಿಷ ಸಾಕು. ಕ್ವಿರಿನ್ ಏಳರ ಚೀಟಿಯ ಒಂದು ಮೂಲೆಯನ್ನು ಉಗುರಿನಿಂದ ಎಬ್ಬಿಸಿದ. ಚೀಟಿ ಸುಲಭವಾಗಿ ಎದ್ದಿತು. ಹದಿಮೂರು ಚಳಿಗಾಲದಲ್ಲಿ ಅವನು ಹಿಮದ ವಿಷಯದಲ್ಲಿ ಅವಳಿಗೆ ಸುಳ್ಳು ಹೇಳಿರಲಿಲ್ಲ. ಹೇಳದೆ ಇದ್ದದ್ದು ದೊಡ್ಡ ಗುಣವೇನಲ್ಲ, ಹೇಳುವ ಸಂದರ್ಭ ಬಂದಿರಲಿಲ್ಲ. ಈಗ ಬಂದಿತ್ತು. ಆದರೆ ಗಂಟೆಗೆ ನೂರಹತ್ತು ಕಿಲೋಮೀಟರಿನಲ್ಲಿ ಹೋಗುವವಳನ್ನು ಸುಳ್ಳಿನ ಮೇಲೆ ನಿಲ್ಲಿಸುವುದು ಹೇಗೆ? ಮೂರನೇ ತಿರುವಿನಲ್ಲಿ ಅವಳ ಪಾದಕ್ಕೆ ಗೊತ್ತಾದರೆ? ಮೂಲೆಯನ್ನು ಮತ್ತೆ ಒತ್ತಿ ಅಂಟಿಸಿದ. ಏಳನ್ನು ತಂದು, ಮಂಡಿಯೂರಿ, ಬೂಟು ಕೆರೆದು, ತೊಡಿಸಿದ.

ಅವಳು ಹಾರಿದಳು. ಮೊದಲ ತಿರುವಿನವರೆಗೆ ಬೆನ್ನು ಕಂಡಿತು, ಚೆನ್ನಾಗಿಯೇ ಇತ್ತು.

ಧ್ವನಿವರ್ಧಕ ಹೇಳಿತು: ಮೊದಲ ಗುರುತಿನಲ್ಲಿ ಬುರ್ಗಿ ಅರ್ಧ ಸೆಕೆಂಡು ಮುಂದೆ. ಎರಡನೆಯದರಲ್ಲಿ ಅರ್ಧಕ್ಕಿಂತ ಹೆಚ್ಚು. ಕೆಳಗಿನಿಂದ ಇಪ್ಪತ್ತು ಸಾವಿರ ಜನರ ಗಂಟಲು ಬೆಟ್ಟದ ತುದಿಯವರೆಗೆ ಕೇಳಿಸಿತು. ಕಾಡು ದಾಟಿದ ಮೇಲೆ ಆ ಸದ್ದು ಸಣ್ಣಗಾಗುತ್ತ ಬಂತು. ಕ್ವಿರಿನ್ ಅವಳ ಕೋಟನ್ನು ಮಡಚಿ ಚೀಲಕ್ಕೆ ಹಾಕತೊಡಗಿದ. ಲೆಕ್ಕ ಅವನಿಗೆ ತಿಳಿದಿತ್ತು. ಸದ್ದು ನಿಂತೇ ಹೋಯಿತು. ಆಮೇಲೆ ಅವಳ ಓಟದ ಸಮಯ ಕೇಳಿಸಿತು. ಕೊನೆಗೆ ಅವಳು ಉಳಿದದ್ದು ನಾಲ್ಕನೇ ಜಾಗದಲ್ಲಿ, ಮೂರನೆಯವಳಿಗಿಂತ ಸೆಕೆಂಡಿನ ನೂರರಲ್ಲಿ ಆರು ಭಾಗ ಹಿಂದೆ. ನಾಲ್ಕನೆಯವಳಿಗೆ ಇಲ್ಲಿ ತಗಡಿನ ಪದಕ ಅನ್ನುತ್ತಾರೆ, ತಗಡನ್ನೂ ಕೊಡುವುದಿಲ್ಲ. ಚಿನ್ನ ಒಬ್ಬ ಸ್ವಿಸ್ ಹುಡುಗಿಗೆ ಹೋಯಿತು. ಸೋಲನ್ನಾದರೂ ಈ ಕಣಿವೆ ಸಹಿಸೀತು, ಸ್ವಿಸ್ಸರಿಗೆ ಸೋತದ್ದನ್ನು ಮೊಮ್ಮಕ್ಕಳಿಗೂ ಹೇಳುವುದಿಲ್ಲ.

ಟೀವಿಯವನು ಮೈಕು ಹಿಡಿದು, ಏನಾಯಿತು ಎಂದು ಕೇಳಿದ. ಬುರ್ಗಿ ಅಭ್ಯಾಸಬಲದಿಂದ ಸ್ಕೀಯನ್ನು ಮುಖದ ಪಕ್ಕಕ್ಕೆ ಹಿಡಿದುಕೊಂಡು ಎರಡೇ ಪದ ಹೇಳಿದಳು: "ಸ್ಕೀ ಓಡ್ಲಿಲ್ಲ."

ಸುಳ್ಳಲ್ಲ. ಸ್ಕೀ ಓಡಿರಲಿಲ್ಲ. ಉಳಿದ ಅರ್ಥವನ್ನು ಕಣಿವೆ ತಾನೇ ಮಾಡಿಕೊಂಡಿತು. ಸಂಜೆಗೆ ಸಲಹೆಗಾರರು ಪತ್ರಕರ್ತರ ಮುಂದೆ ತಲೆಯಾಡಿಸಿ, "ಮನುಷ್ಯರಲ್ವಾ, ಮೇಣದ ಅಂದಾಜು ತಪ್ಪುತ್ತೆ. ನಾವು ಯಾರನ್ನೂ ದೂರಲ್ಲ," ಎಂದರು. ಹಾಗೆ ದೂರದೇ ಇರುವಾಗ ಕ್ವಿರಿನ್‌ನ ಪೂರ್ತಿ ಹೆಸರನ್ನು ಎರಡು ಸಲ, ಪತ್ರಕರ್ತರು ತಪ್ಪು ಬರೆದುಕೊಳ್ಳದಂತೆ, ಬಿಡಿಸಿ ಹೇಳಿದರು.

ನಾಳೆ ಹೇಳುತ್ತಾಳೆ, ಎಂದುಕೊಂಡ ಕ್ವಿರಿನ್. ನಾಡಿದ್ದು ಹೇಳುತ್ತಾಳೆ. ಮೂರು ವಾರಕ್ಕೆ ಅವಳು ಓಟಕ್ಕೇ ವಿದಾಯ ಹೇಳಿದಳು. ವಿದಾಯದ ಸಭೆಯಲ್ಲಿ ಒಂದು ಗಂಟೆ ಮಾತಾಡಿದಳು. ಅಪ್ಪನಿಗೆ, ಊರಿಗೆ, ಮಂಡಿಯ ಡಾಕ್ಟರಿಗೆ ಧನ್ಯವಾದ ಹೇಳಿದಳು. ಕ್ವಿರಿನ್‌ನ ಹೆಸರೂ ಬಂತು, ಡಾಕ್ಟರಿನ ನಂತರ. ಆ ಒಂದು ವಾಕ್ಯ ಮಾತ್ರ ಬರಲಿಲ್ಲ. ಕಂಪನಿಯವರು ಅವನಿಗೆ ಬಡ್ತಿ ಕೊಟ್ಟು ಬಾಡಿಗೆ ಸ್ಕೀಗಳ ಉಗ್ರಾಣಕ್ಕೆ ಹಾಕಿದರು. ಅಲ್ಲಿಂದ ಅವನು ತಾನೇ ಬಿಟ್ಟು ಬಂದು ಇಗರ್ಜಿಯ ಹಿಂದೆ ಅಂಗಡಿ ಇಟ್ಟ. ಪ್ರವಾಸಿಗಳ ಸ್ಕೀ, ಶಾಲೆಯ ಮಕ್ಕಳ ಸ್ಕೀ. ಮಕ್ಕಳು ಸೋತು ಬಂದರೆ ಕಿಟಕಿಯಲ್ಲಿ ಬಗ್ಗಿ, "ಕ್ವಿರಿನ್ ಮಾಮ, ಮೇಣ ತಪ್ಪಿತ್ತು," ಎಂದು ಕೂಗಿ ಓಡುವವು. ಅವಕ್ಕೆ ಅದು ಆಟ, ಹುಟ್ಟಿದಾಗಿನಿಂದ ಕೇಳಿದ್ದು.

ಟ್ರೌಡಿ ಮಾತ್ರ ಸುಮ್ಮನಿರುವವಳಲ್ಲ. "ಹೋಗಿ ಬಿಯರ್ ಮೇಜಿನ ಮೇಲೆ ಹತ್ತಿ ಹೇಳು. ನೀನು ಹೇಳ್ದೆ ಇದ್ರೆ ನಾನು ಹೇಳ್ತೀನಿ."

"ನಾನು ಹೇಳಿದ್ರೆ ಅದು ನೆಪ. ನೀನು ಹೇಳಿದ್ರೆ ಗಂಡನ ಪರ. ಅವಳು ಹೇಳಿದ್ರೆ ಮಾತ್ರ ನಿಜ."

"ಅವಳಿಗೆ ಬಾಯಿ ಇಲ್ವಾ? ಟೀವೀಲಿ ಬಿಡುವಿಲ್ದೆ ಮಾತಾಡ್ತಾಳೆ."

ನಿಜ. ಬುರ್ಗಿ ಚಳಿಗಾಲವೆಲ್ಲ ಟೀವಿಯಲ್ಲಿ ಪಂದ್ಯಗಳ ವಿವರಣೆ ಕೊಡುತ್ತಿದ್ದಳು. ಬೇಸಗೆಯಲ್ಲಿ ಪ್ರವಾಸಿ ಮಂಡಳಿಯ ಮುಖ ಅವಳದೇ, ಬೆಣ್ಣೆಯ ಪೊಟ್ಟಣದ ಮೇಲೂ ಅವಳದೇ. ಅವಳು ಕೆಟ್ಟವಳಲ್ಲ. ಪ್ರತಿ ಕ್ರಿಸ್‌ಮಸ್‌ಗೆ ಹೊಗೆ ಹಾಕಿದ ಹಂದಿಮಾಂಸದ ತುಂಡೊಂದನ್ನು ಕಂಕುಳಲ್ಲಿ ಇಟ್ಟುಕೊಂಡು ಆ ನೆಲಮಾಳಿಗೆಗೆ ಇಳಿದು ಬರುವಳು, ಮೇಜಿನ ಮೇಲೆ ಕುಳಿತು ಕಾಲಾಡಿಸುತ್ತ ಹಳೆಯ ಹೋಟೆಲುಗಳ ಕತೆ ಹೇಳುವಳು, ನಗಿಸುವಳು. ಎಂಟನೇ ವರ್ಷವೋ ಒಂಬತ್ತನೆಯದೋ, ಹಾಗೆ ಕೂತಿದ್ದಾಗ ಕ್ವಿರಿನ್ ಇಸ್ತ್ರಿಪೆಟ್ಟಿಗೆಯಿಂದ ಕಣ್ಣೆತ್ತದೆ ಕೇಳಿದ.

"ಆವತ್ತು ಬೆಳಿಗ್ಗೆ ಗುಡಿಸಲಲ್ಲಿ ನಾನೇನಂದೆ, ನೆನಪಿದ್ಯಾ?"

ಬುರ್ಗಿ ಯೋಚಿಸಿದಳು, ನಟನೆಯಲ್ಲ, ನಿಜವಾಗಿ ಯೋಚಿಸಿದಳು. "ನೀನೇನೂ ಅನ್ಲಿಲ್ವಲ್ಲ ಕ್ವಿರಿನ್. ಸುಮ್ನೆ ಏಳು ತಂದು ಕೊಟ್ಟೆ. ನಂಗೇ ಆಶ್ಚರ್ಯ ಆಗಿತ್ತು. ಯಾವಾಗ್ಲೂ ವಟಗುಟ್ಟೋನು, ಆವತ್ತು ಯಾಕೆ ಸುಮ್ನಿದ್ದಾನೆ ಅಂತ."

ಕ್ವಿರಿನ್ ಇಸ್ತ್ರಿಪೆಟ್ಟಿಗೆಯನ್ನು ಒಂದೇ ಜಾಗದಲ್ಲಿ ಬಿಟ್ಟುಬಿಟ್ಟ. ಯಾವನೋ ಜರ್ಮನ್ ದಂತವೈದ್ಯನ ಸ್ಕೀ ತಳ ಸುಟ್ಟು ಗುಳ್ಳೆ ಎದ್ದಿತು. ಕತೆಯನ್ನು ಅಷ್ಟು ಸಲ ಅಷ್ಟು ಜನರಿಗೆ ಹೇಳಿ ಹೇಳಿ ಅವಳ ತಲೆಯಲ್ಲಿ ಬೇರೊಂದು ಬೆಳಗು ತಯಾರಾಗಿತ್ತು. ಆವತ್ತು ಗುಡಿಸಲಲ್ಲಿ ಇದ್ದ ಮೂರನೆಯವರು ಸಲಹೆಗಾರರು. ಒಮ್ಮೆ ದಾರಿಯಲ್ಲಿ ಹಿಡಿದು ಕೇಳಿದಾಗ ಅವರು, "ಪ್ಲಾಟ್ನರ್, ನಾನು ಜೀವನದಲ್ಲಿ ಎಷ್ಟೋ ಐತಿಹಾಸಿಕ ಸಂದರ್ಭಗಳಲ್ಲಿ ಹಾಜರಿದ್ದವನು. ಎಲ್ಲಾನೂ ನೆನಪಿಟ್ಕೊಳ್ಳೋಕೆ ಆಗುತ್ತಾ?" ಎಂದು ಹೆಗಲು ತಟ್ಟಿ ಹೋಗಿದ್ದರು.

ಇನ್ನೂ ಹದಿನಾರು ಹಂದಿಮಾಂಸದ ತುಂಡುಗಳು ಬಂದವು. ಆಮೇಲೆ ಪಂದ್ಯ ನಡೆದು ಇಪ್ಪತ್ತೈದು ವರ್ಷ ತುಂಬಿದ ಸಮಾರಂಭ ಬಂತು. ಸಲಹೆಗಾರರಿಗೆ ಎಂಬತ್ತಾಗುತ್ತ ಬಂದಿತ್ತು, ಟೋಪಿ ಅದೇ. ಖಾಲಿಯಾಗಿ ನಿಂತಿದ್ದ ಗಾಜಿನ ಬೀರುವಿಗೆ ಕೊನೆಗೂ ಏಳನ್ನು ಇಳಿಸಲಾಯಿತು. ಹಿತ್ತಾಳೆ ಫಲಕದಲ್ಲಿ "ಚಿನ್ನ ಗೆದ್ದ" ಎಂಬುದನ್ನು ಉಜ್ಜಿ ತೆಗೆಸಿ "ಹೆಸರಾಂತ" ಎಂದು ಮಾಡಿಸಿದ್ದರು. ಉಜ್ಜಿದ ಜಾಗ ಗುಳಿಬಿದ್ದು ಮಿಕ್ಕದ್ದಕ್ಕಿಂತ ಹೆಚ್ಚು ಹೊಳೆಯುತ್ತಿತ್ತು.

ಹಿಂದಿನ ದಿನ ಬುರ್ಗಿ ಕಿಟಕಿಯಲ್ಲಿ ಬಗ್ಗಿದಳು. "ಕ್ವಿರಿನ್, ನಾಳೆ ಕೋಟು ಹಾಕ್ಕೊಂಡು ಬಾ. ವೇದಿಕೆ ಮೇಲೆ ನಿನ್ನ ವಿಷಯ ಹೇಳೋದಿದೆ. ಬಹಳ ದಿನದಿಂದ ಹೇಳ್ಬೇಕು ಅಂತಿತ್ತು, ಬಾಯಿ ಬರ್ತಿರ್ಲಿಲ್ಲ."

ಕ್ವಿರಿನ್ ಆವತ್ತು ಅಂಗಡಿಗೆ ಬೇಗ ಬೀಗ ಹಾಕಿದ. ಮನೆಗೆ ಹೋಗಿ ಹೇಳಿದಾಗ ಟ್ರೌಡಿ ನಂಬಲಿಲ್ಲ. ಆದರೂ ಕೋಟು ತೆಗೆದು, ಗಂಡನ ಕೈಗೆ ಇಸ್ತ್ರಿ ಕೊಡದೆ ತಾನೇ ಮಾಡಿದಳು. "ನೆನಪಾಯ್ತಾ ಅವಳಿಗೆ?" ಎಂದು ಎರಡು ಸಲ ಕೇಳಿದಳು. "ಬಾಯಿ ಬರ್ತಿರ್ಲಿಲ್ಲ ಅಂದ್ಲು. ಅಂದ್ರೆ ಮನಸ್ಸಲ್ಲಿ ಇತ್ತು ಅಂತ ತಾನೇ?" ಎಂದ ಕ್ವಿರಿನ್. ಅರವತ್ತೆರಡು ವರ್ಷದ ಮನುಷ್ಯ ಕನ್ನಡಿಯ ಮುಂದೆ ನಿಂತು ಟೈಯನ್ನು ನಾಲ್ಕು ಸಲ ಬಿಚ್ಚಿ ಕಟ್ಟಿದ.

ಭಾನುವಾರ, ಇಗರ್ಜಿಯ ಪೂಜೆ ಮುಗಿದ ಮೇಲೆ, ಕಾಡುಮೇಕೆ ಹೋಟೆಲಿನ ಹಜಾರ ತುಂಬಿತ್ತು. ಬ್ಯಾಂಡಿನವರು, ಬಿಳಿ ಸಾಸೇಜು, ಬಿಯರು, ಪ್ರಾಂತದ ರೇಡಿಯೋದಿಂದ ನೇರ ಪ್ರಸಾರಕ್ಕೆ ಬಂದ ಒಬ್ಬ ಎಳೆಯ ಹುಡುಗಿ. ಸಲಹೆಗಾರರು ನಲವತ್ತು ನಿಮಿಷ ಮಾತಾಡಿದರು. ಅವರ ಪ್ರಕಾರ ಆ ಪಂದ್ಯದಲ್ಲಿ ಊರು ಗೆದ್ದಿತ್ತು, ಸೋತದ್ದು ಒಂದು ಚಿಕ್ಕ ತಾಂತ್ರಿಕ ಅಂಶ. ಆಮೇಲೆ ಬುರ್ಗಿ ಎದ್ದಳು. ಕೂದಲು ನರೆತಿದ್ದರೂ ಬೆನ್ನು ಹಾಗೇ ಇತ್ತು. ಎರಡು ಹಾಸ್ಯ ಹೇಳಿದಳು, ಅಪ್ಪನನ್ನು ನೆನೆದಳು. ನಂತರ ಕಣ್ಣಿನಿಂದ ಹುಡುಕಿ ಮೂರನೇ ಸಾಲಿನಲ್ಲಿದ್ದ ಕ್ವಿರಿನ್‌ನನ್ನು ಹಿಡಿದಳು. ಟ್ರೌಡಿ ಗಂಡನ ಮೊಣಕೈ ಒತ್ತಿದಳು.

"ಇಷ್ಟು ವರ್ಷ ಎಲ್ರೂ ನನ್ನ ಕೇಳಿದಾರೆ," ಎಂದಳು ಬುರ್ಗಿ, "ಕ್ವಿರಿನ್ ಮೇಲೆ ಸಿಟ್ಟಿದೆಯಾ ಅಂತ. ಇವತ್ತು ಎಲ್ರ ಮುಂದೆ ಹೇಳ್ತೀನಿ. ನನ್ನ ಹದಿಮೂರು ವರ್ಷ ನೋಡ್ಕೊಂಡೋನು ಅವನು. ಒಂದು ದಿನ ತಪ್ಪಿದ. ಒಂದೇ ದಿನ. ಅವನನ್ನ ನಾನು ಯಾವತ್ತೋ ಕ್ಷಮಿಸಿದೀನಿ."

ಹಜಾರ ಎದ್ದು ನಿಂತು ಚಪ್ಪಾಳೆ ತಟ್ಟಿತು. ಹೆಂಗಸರು ಕಣ್ಣೊರೆಸಿಕೊಂಡರು. ಸಲಹೆಗಾರರು ಬ್ಯಾಂಡಿಗೆ ಕೈ ಮಾಡಿದರು, ಬ್ಯಾಂಡು ಊದಿತು. ಬುರ್ಗಿ ವೇದಿಕೆಯಿಂದ ಇಳಿದು ಬಂದು ಕ್ವಿರಿನ್‌ನನ್ನು ತಬ್ಬಿಕೊಂಡಳು; ಅವಳ ಕೆನ್ನೆ ಒದ್ದೆಯಾಗಿತ್ತು, ಮಾತಿನಲ್ಲಿ ಸುಳ್ಳಿರಲಿಲ್ಲ. ಅದೇ ಅತ್ಯಂತ ಕಷ್ಟದ ವಿಷಯವಾಗಿತ್ತು. ಕ್ವಿರಿನ್‌ನ ಕೈಗಳು ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಪಕ್ಕದಲ್ಲಿ ಇಳಿಬಿದ್ದಿದ್ದವು. ಟ್ರೌಡಿ ಕುರ್ಚಿಯಿಂದ ಏಳಲೇ ಇಲ್ಲ.

ಬುರ್ಗಿಯನ್ನು ಬೇರೆಯವರು ಎಳೆದುಕೊಂಡು ಹೋದ ಮೇಲೆ ರೇಡಿಯೋ ಹುಡುಗಿ ಜನರ ನಡುವೆ ನುಸುಳಿ ಬಂದು ಮೈಕನ್ನು ಅವನ ಗಲ್ಲಕ್ಕೆ ಹಿಡಿದಳು. ಕಣಿವೆಯ ಅಷ್ಟೂ ಅಡುಗೆಮನೆಗಳಲ್ಲಿ ಆ ಹೊತ್ತಿಗೆ ರೇಡಿಯೋ ಹಾಡುತ್ತಿರುತ್ತದೆ. ಅವಳಿಗೂ ಕಣ್ಣಲ್ಲಿ ನೀರು.

"ಪ್ಲಾಟ್ನರ್ ಅವರೇ, ಇಪ್ಪತ್ತೈದು ವರ್ಷ ಆದ್ಮೇಲೆ ಕ್ಷಮೆ ಸಿಕ್ತು. ಮನಸ್ಸಿಗೆ ಹೇಗನ್ನಿಸ್ತಿದೆ?"

"ನಂಗೇನು ಗೊತ್ತು," ಎಂದ ಕ್ವಿರಿನ್. "ತಪ್ಪು ಮಾಡಿದ್ದು ಅವಳು."